ಭಾನುವಾರ ಬುಗ್ಗೆಯ ಮಾದರಿ ತೆಗೆಯಲು ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6ಕ್ಕೆ ಬುಗ್ಗೆಯ ಸುಣ್ಣದ ಪದರಗಳ ಮಾದರಿ ತೆಗೆಯಲು ಹೆಸರು ಕೊಟ್ಟವರು ದಯವಿಟ್ಟು ಪೂರ್ತಿ ಓದಿ.

ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ), ಉಷ್ಣತೆ ಎರಡನ್ನೂ ಅಲ್ಲೇ ಅಳೆಯಬೇಕು. ನೀರು ಹೊರಬಂದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಏರುತ್ತದೆ, ಕ್ಯಾಲ್ಸಿಯಂ ಕಾರ್ಬೊನೇಟ್ (ಅಂದರೆ ಇಲ್ಲಿನ ಸುಣ್ಣ) ಕೂರತೊಡಗುತ್ತದೆ. ಬಾಟಲಿಯೊಳಗೂ ಹೀಗೇ ಆಗಬಹುದು. ಗುಳ್ಳೆ ಉಳಿಯದಂತೆ ಕಂಠಮಟ್ಟ ತುಂಬಿಸಿ.

ಒಂದೊಂದು ಜಾಗಕ್ಕೆ ಎರಡು ಬಾಟಲಿ: ಒಂದು ಕ್ಯಾಲ್ಸಿಯಂ ಅಳೆಯಲು, ಇನ್ನೊಂದು ಕ್ಷಾರತೆ (ಆಮ್ಲವನ್ನು ತಟಸ್ಥಗೊಳಿಸುವ ನೀರಿನ ಶಕ್ತಿ) ಅಳೆಯಲು. ಎರಡನ್ನೂ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ನೈಟ್ರಿಕ್ ಆಮ್ಲ ಕ್ಯಾಲ್ಸಿಯಂ ಬಾಟಲಿಗೆ ಮಾತ್ರ, ಪಿಎಚ್ 2ಕ್ಕಿಂತ ಇಳಿಯುವಷ್ಟು. ಕ್ಷಾರತೆಯ ಬಾಟಲಿಗೆ ಒಂದು ಹನಿ ಬಿದ್ದರೂ ಅಳತೆ ಕೆಟ್ಟಂತೆಯೇ.

ಹಸಿರು ಪದರವನ್ನು ತುಳಿಯಲೇಬೇಡಿ, ಅದು ಜೀವಂತ. ಅದರಲ್ಲಿನ ಸಯನೋಬ್ಯಾಕ್ಟೀರಿಯಾ (ಗಿಡಗಳಂತೆ ಬೆಳಕಿನಿಂದ ಆಹಾರ ತಯಾರಿಸುವ ಸೂಕ್ಷ್ಮಜೀವಿಗಳು) ಬೆಳಕಿನಲ್ಲಿ ಇಂಗಾಲ ಹೀರಿದಾಗ ಸುತ್ತಲಿನ ಪಿಎಚ್ ಏರಿ ಸುಣ್ಣ ಕೂರುತ್ತದೆ, ಲೋಳೆ ಕಣಗಳನ್ನು ಹಿಡಿದಿಡುತ್ತದೆ. ಬ್ಲೇಡಿನಿಂದ ಕೊಯ್ದು ನೋಡಿ: ಮೇಲೆ ಹಸಿರು, ಕೆಳಗೆ ಬೆರಳಿಗೆ ಮರಳುಮರಳಾಗಿ ಸಿಗುವ ಬೂದುಬಿಳಿ ಗಟ್ಟಿ ಪದರ. 2 ಸೆಂ.ಮೀ. ತುಂಡು ಸಾಕು. ಮೇಲ್ಮುಖಕ್ಕೆ ಬಾಣ ಗುರುತಿಸಿ. ಕತ್ತಲ ಬಿರುಕಿನಿಂದಲೂ ಒಂದು ತುಂಡು ಬೇಕೇ ಬೇಕು. ಬೆಳಕಿಲ್ಲದ ಆ ತುಂಡಿನೊಂದಿಗೆ ಹೋಲಿಸದೆ ಸುಣ್ಣ ಕೂರಿಸಿದ್ದು ಸೂಕ್ಷ್ಮಜೀವಿಗಳೇ ಎನ್ನಲಾಗದು.

ಪಿಎಚ್ ಮೀಟರನ್ನು ಪಿಎಚ್ 7 ಮತ್ತು 10ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸರಿಹೊಂದಿಸಿ ಯಾರು ತರುತ್ತೀರಿ? ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.