ಶಾಸ್ತ್ರೋತ್ಸವದ ಗಡಿಯಾರಗಳು

ಮಾನ್ಯ ಸಂಪಾದಕರೇ,

ಕುಂಬಳೆ, ಮಂಜೇಶ್ವರ ಕಡೆಯ ಶಾಲೆಗಳಲ್ಲಿ ಶಾಸ್ತ್ರೋತ್ಸವಕ್ಕೆ (ಶಾಲಾ ವಿಜ್ಞಾನ ಮೇಳಕ್ಕೆ) ಡಿಜಿಟಲ್ ಗಡಿಯಾರ ಮಾಡುವ ಮಕ್ಕಳ ಗಮನಕ್ಕೆ ಕೆಲವು ಮಾತು. ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ತಾಳ ಕೊಡುವ ಸೆರಾಮಿಕ್ ರೆಸೊನೇಟರನ್ನು ನಂಬಿ ಸಮಯ ಎಣಿಸಬೇಡಿ. ಅದು ಶೇ. 0.5 ತಪ್ಪಿದರೂ ದಿನಕ್ಕೆ 432 ಸೆಕೆಂಡ್ ವ್ಯತ್ಯಾಸ. ಸಮಯ ಎಣಿಸಲೆಂದೇ ಇರುವ ಡಿಎಸ್3231 ಚಿಪ್ ಹಾಕಿ. ತಾಪಮಾನ ನೋಡಿ ತಾನೇ ತಿದ್ದಿಕೊಳ್ಳುತ್ತದೆ, ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ಆಚೀಚೆ. ಹೆಸರಿನ ಕೊನೆಗೆ 'ಎಂ' ಇರುವ ಚಿಪ್ (ಡಿಎಸ್3231ಎಂ) ಆದರೆ ನಿಖರತೆ ಕಡಿಮೆ.

ಈ ಚಿಪ್ ಕೂರಿಸಿದ ಅಗ್ಗದ ಮಾಡ್ಯೂಲಿನಲ್ಲೊಂದು ಅಪಾಯವಿದೆ. ಬ್ಯಾಟರಿಗೆ ಚಾರ್ಜ್ ಕೊಡುವ ಡಯೋಡ್ ಮತ್ತು 200 ಓಮ್ ರೆಸಿಸ್ಟರ್ ಅದರಲ್ಲಿರುತ್ತವೆ. ಮಕ್ಕಳು ಹಾಕುವುದು ಸಿಆರ್2032, ಅದು ಚಾರ್ಜ್ ಮಾಡುವ ಸೆಲ್ ಅಲ್ಲ, ಉಬ್ಬಿ ಸೋರಬಹುದು. ಆ ರೆಸಿಸ್ಟರನ್ನು ಬೆಸುಗೆ ಬಿಡಿಸಿ ತೆಗೆದುಬಿಡಿ.

ಇನ್ನೂ ನಿಖರ ಬೇಕೇ? ಜಿಪಿಎಸ್ ಮಾಡ್ಯೂಲಿನ ಸೆಕೆಂಡಿಗೊಂದರ ಪಲ್ಸನ್ನು ಎಣಿಕೆ ಶುರು ಮಾಡುವ, ನಿಲ್ಲಿಸುವ ಗೇಟ್ ಆಗಿ ಬಳಸಿ, ಚಿಪ್ಪಿನ 32 ಕಿಲೋಹರ್ಟ್ಸ್ ಪಿನ್ನಿನಿಂದ ಬರುವ ಅಲೆಗಳನ್ನು ಎಣಿಸಿ. ಆ ಪಿನ್ ಓಪನ್ ಡ್ರೈನ್, ಅಂದರೆ ವೋಲ್ಟೇಜನ್ನು ಕೆಳಗೆಳೆಯುತ್ತದೆ, ತಾನಾಗಿ ಮೇಲೇರಿಸದು. ಮೇಲೇರಿಸುವ ಪುಲ್-ಅಪ್ ರೆಸಿಸ್ಟರ್ ಮಾಡ್ಯೂಲಿನಲ್ಲಿ ಇಲ್ಲದಿದ್ದರೆ 10 ಕಿಲೋ ಓಮಿನದೊಂದನ್ನು ಹಾಕದೆ ಏನೂ ಕಾಣದು. ಒಂದೇ ಸೆಕೆಂಡ್ ಎಣಿಸಿದರೆ ಒಂದು ಎಣಿಕೆಯ ವ್ಯತ್ಯಾಸವೇ ಸುಮಾರು 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಪಾಲು), ಅಂದರೆ ಅಳತೆ ನಿಷ್ಪ್ರಯೋಜಕ. 1000 ಸೆಕೆಂಡ್ ಎಣಿಸಿ, 3,27,68,000 ಬರಬೇಕು. ಹೆಚ್ಚು ಬಂದರೆ ಚಿಪ್ಪಿನ ವೇಗ ತಿದ್ದುವ ಏಜಿಂಗ್ ರಿಜಿಸ್ಟರಿಗೆ ಧನ ಸಂಖ್ಯೆ ಬರೆಯಿರಿ, ಒಂದು ಹೆಜ್ಜೆಗೆ ಸುಮಾರು 0.1 ಪಿಪಿಎಂ ನಿಧಾನವಾಗುತ್ತದೆ. ಬದಲಾವಣೆ ತಕ್ಷಣ ಕಾಣದಿದ್ದರೆ ಗಾಬರಿ ಬೇಡ, ಚಿಪ್ ತಾಪಮಾನ ನೋಡುವುದೇ 64 ಸೆಕೆಂಡಿಗೊಮ್ಮೆ, ಹೊಸ ಸಂಖ್ಯೆ ಲೆಕ್ಕಕ್ಕೆ ಬರುವುದೂ ಆಗಲೇ.

ತೀರ್ಪುಗಾರರು ಪೆಟ್ಟಿಗೆಯ ಬಣ್ಣಕ್ಕಿಂತ ಈ ಎಣಿಕೆಯ ಪಟ್ಟಿಯನ್ನು ಕೇಳಿ ನೋಡಲಿ.

– ಓದುಗ, ಬದಿಯಡ್ಕ