ವಿಷಯ: ಮೌನವನ್ನು ದುರಸ್ತಿ ಮಾಡಿದ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಮೂರು ಬಾರಿ ಫೋನ್ ಮಾಡಿದ್ದೇನೆ. ಮೂರು ಬಾರಿಯೂ ನಿಮ್ಮ ಯಂತ್ರದ ಹೆಣ್ಣುದನಿ ನನ್ನ ಕರೆ ಬಹಳ ಮುಖ್ಯವೆಂದು ಹೇಳಿ, ಸ್ವಲ್ಪ ಹೊತ್ತು ಕೊಳಲು ಕೇಳಿಸಿ, ಕರೆ ಕತ್ತರಿಸಿದೆ. ಆದ್ದರಿಂದ ಈ ಪತ್ರ. ಸಂಯಮದಿಂದ ಬರೆಯಬೇಕೆಂದುಕೊಂಡೇ ಕುಳಿತಿದ್ದೇನೆ.

ಕಳೆದ ಭಾನುವಾರ, ಮೂರನೇ ಪರದೆ, ಸಂಜೆ 4.30ರ ಆಟ. ಚಿತ್ರ 2014ರ ಫ್ರೆಂಚ್ ಸಿನಿಮಾ ‘ಲಾ ಫಮೀಲ್ ಬೆಲಿಯೆ’. ಎರಡು ಟಿಕೆಟ್‌ಗೆ 840 ರೂಪಾಯಿ, ಅದರ ಮೇಲೆ ‘ಅನುಕೂಲ ಶುಲ್ಕ’ (ಯಾರ ಅನುಕೂಲವೋ). ನನ್ನ ಜೊತೆ ತಂಗಿ ಇದ್ದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಮೊದಲ ಹನ್ನೆರಡು ನಿಮಿಷ ಇಂಗ್ಲಿಷ್ ಅಡಿಬರಹ ಬರಲಿಲ್ಲ. ನಾನು ಎದ್ದು ಹೋಗಿ ಹೇಳಿದ ಮೇಲೆ ಬಂತು. ಅದನ್ನು ಬಿಟ್ಟುಬಿಡೋಣ.

ಆ ಚಿತ್ರದಲ್ಲಿ ಹಳ್ಳಿಯ ರೈತ ಕುಟುಂಬವೊಂದಿದೆ. ಅಪ್ಪ, ಅಮ್ಮ, ತಮ್ಮ ಮೂವರೂ ಕಿವುಡರು. ಕೇಳಿಸಿಕೊಳ್ಳಬಲ್ಲ ಮಗಳು ಮಾತ್ರ ಹಾಡುತ್ತಾಳೆ. ಶಾಲೆಯ ಕಾರ್ಯಕ್ರಮದಲ್ಲಿ ಅವಳ ಯುಗಳಗೀತೆ ನಡೆಯುತ್ತಿರುವಾಗಲೇ ಚಿತ್ರದ ಧ್ವನಿ ಪೂರ್ತಿ ಅಡಗುತ್ತದೆ. ಅಪ್ಪ ಅಮ್ಮನ ಕಿವಿಗೆ ಬೀಳುವಷ್ಟೇ ನಮ್ಮ ಕಿವಿಗೂ ಬೀಳುತ್ತದೆ, ಅಂದರೆ ಏನೂ ಬೀಳುವುದಿಲ್ಲ. ಇದೇ ಕಥೆಯನ್ನು ಅಮೆರಿಕದವರು ‘ಕೋಡಾ’ ಎಂದು ಮರುನಿರ್ಮಿಸಿ 2022ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದರು. ತಂಗಿ ಅದನ್ನು ಮೊಬೈಲ್‌ನಲ್ಲಿ ನೋಡಿದ್ದಳು. ಇಡೀ ಚಿತ್ರಮಂದಿರ ತನ್ನಂತೆ ಕುಳಿತಿರುವುದನ್ನು ಒಮ್ಮೆ ನೋಡಬೇಕೆಂಬ ಆಸೆಗೇ ಬಂದಿದ್ದಳು. ಆ ಘಟ್ಟ ಬರುವ ಮೊದಲೇ ನನ್ನ ಮೊಣಕೈ ತಿವಿದಳು.

ಧ್ವನಿ ಅಡಗಿತು. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ನಿಮ್ಮ ಸಿಬ್ಬಂದಿ ಚಿತ್ರ ನಿಲ್ಲಿಸಿ ದೀಪ ಹಾಕಿದರು. ಹತ್ತು ನಿಮಿಷದ ನಂತರ ಚಿತ್ರ ಮತ್ತೆ ಶುರುವಾದಾಗ ಕುಟುಂಬ ಪ್ಯಾರಿಸ್ಸಿನ ದಾರಿಯಲ್ಲಿತ್ತು. ರಾತ್ರಿ ಅಪ್ಪ ಮಗಳ ಕೊರಳಿನ ಮೇಲೆ ಕೈಯಿಟ್ಟು ಹಾಡನ್ನು ಮುಟ್ಟಿ ತಿಳಿಯುವ ದೃಶ್ಯವೂ ಹಾರಿಹೋಗಿತ್ತು.

ಆಟ ಮುಗಿದ ಮೇಲೆ ನಿಮ್ಮ ಮ್ಯಾನೇಜರ್ ಪಾಪ್‌ಕಾರ್ನ್ ಕೌಂಟರಿನ ಪಕ್ಕ ನಿಂತಿದ್ದರು. ಕೊರಳಲ್ಲಿ ಗುರುತಿನ ಚೀಟಿ ತಿರುಗುಮುರುಗಾಗಿ ನೇತಾಡುತ್ತಿತ್ತು.

“ಅಲ್ಲಿ ಸೌಂಡ್ ಇರಲಿಲ್ಲ ಸರ್, ತಾಂತ್ರಿಕ ದೋಷ. ಅದಕ್ಕೇ ಮುಂದಕ್ಕೆ ಹಾಕಿದೆವು.”

“ದೋಷವಲ್ಲ, ಚಿತ್ರವೇ ಹಾಗಿದೆ.”

“ಸೌಂಡ್ ಇಲ್ಲದೆ ಯಾರಾದರೂ ಸಿನಿಮಾ ಮಾಡುತ್ತಾರಾ ಸರ್?”

ತಂಗಿಯ ಸಲುವಾಗಿಯೇ ಬಂದದ್ದೆಂದು ಹೇಳಿದೆ. ಅವರು ಅವಳನ್ನೊಮ್ಮೆ ನೋಡಿ, ನನಗೆ ಹೇಳಿದರು: “ಮೇಡಂಗೆ ಹೇಗೂ ಕೇಳಿಸುವುದಿಲ್ಲವಲ್ಲ, ಅವರಿಗೇನು ನಷ್ಟ?” ಹೇಳಿ ನಕ್ಕರು. ಕೌಂಟರಿನ ಹುಡುಗನೂ ನಕ್ಕ. ಆಮೇಲೆ ನನ್ನ ಕೈಗೆ ಒಂದು ಕೂಪನ್ ಬಂತು: ಸಣ್ಣ ಪಾಪ್‌ಕಾರ್ನ್ ಉಚಿತ, ಸೋಮವಾರದಿಂದ ಗುರುವಾರದವರೆಗೆ ಮಾತ್ರ, 300 ರೂಪಾಯಿಯ ಖರೀದಿ ಕಡ್ಡಾಯ.

ಏನೆಂದರು ಎಂದು ತಂಗಿ ಸನ್ನೆಯಲ್ಲಿ ಕೇಳಿದಳು. ಕ್ಷಮೆ ಕೇಳಿದರು ಎಂದೆ. ಅವಳಿಗೆ ತುಟಿ ಓದಲು ಬರುತ್ತದೆ ಎಂಬುದು ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು.

ಕಿವಿ, ಕಣ್ಣಿನ ತೊಂದರೆ ಇರುವ ಪ್ರೇಕ್ಷಕರ ಬಗ್ಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಮ್ಮ ಕಚೇರಿಯಲ್ಲಿ ಇದ್ದೇ ಇರುತ್ತದೆ. ಸಮೋಸದ ದರಪಟ್ಟಿಯ ಕೆಳಗೆ ಹುಡುಕಿಸಿ.

ಹಣ ಹಿಂತಿರುಗಿಸುವುದು ಬೇಡ. ಕೂಪನ್ ಲಗತ್ತಿಸಿದ್ದೇನೆ, ನಿಮ್ಮ ಮ್ಯಾನೇಜರಿಗೆ ಕೊಡಿ. ಅವರು ಹದಿನೈದು ದಿನಗಳೊಳಗೆ ನನಗಲ್ಲ, ನನ್ನ ತಂಗಿಗೆ, ಬರಹದಲ್ಲಿ ಕ್ಷಮೆ ಕೇಳಬೇಕು. ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಆಯೋಗದ ಬಾಗಿಲು ತಟ್ಟುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ; ಅನುಕೂಲ ಶುಲ್ಕವೂ ಇಲ್ಲ.

ಅಲ್ಲಿಯವರೆಗೂ ಸುಮ್ಮನಿರುವವಳಲ್ಲ ನನ್ನ ತಂಗಿ. ಅವಳ ಗೆಳೆಯ ಗೆಳತಿಯರು ಹದಿನಾಲ್ಕು ಮಂದಿ, ಎಲ್ಲರೂ ಅವಳಂತೆಯೇ. ನಿಮ್ಮ ಮುಂದಿನ ಭಾನುವಾರದ ಆಟಕ್ಕೆ ಮುಂದಿನ ಸಾಲು ಪೂರ್ತಿ ಕಾದಿರಿಸಿದ್ದಾಳೆ. ಆಟ ಮುಗಿಯುವವರೆಗೂ ಕೈಯೆತ್ತಿ ಮಾತಾಡಿಕೊಳ್ಳುತ್ತಾರಂತೆ. ಗಲಾಟೆ ಮಾಡಿದರೆಂದು ಅವರನ್ನು ಹೊರಗೆ ಕಳಿಸುವುದು ಯಾವ ನಿಯಮದ ಪ್ರಕಾರ ಎಂದು ಈಗಲೇ ನೋಡಿಟ್ಟುಕೊಳ್ಳಿ.

ಇಂತಿ,
ಮೂರನೇ ಪರದೆ, ಸಾಲು ಎಫ್, ಆಸನ 7