‘ರ್’ ಇದ್ದರೆ ಒಂದು, ಬಿದ್ದರೆ ಇನ್ನೊಂದು

ಮಾನ್ಯರೇ,

ಅಮೆರಿಕದ ‘ಎನ್’ ಪದವನ್ನು (ಕಪ್ಪು ಜನರನ್ನು ಹೀಯಾಳಿಸುವ, ಇಂಗ್ಲಿಷಿನ ‘ಎನ್’ ಅಕ್ಷರದಿಂದ ಶುರುವಾಗುವ ಪದ) ಕನ್ನಡಕ್ಕೆ ತರುವಾಗ ಒಂದು ತಪ್ಪು ಪದೇ ಪದೇ ಆಗುತ್ತಿದೆ. ಕೊನೆಯ ‘ರ್’ ಗಟ್ಟಿಯಾಗಿ ಕೇಳಿದರೆ ಅದು ಗುಲಾಮಗಿರಿಯ ಕಾಲದಿಂದ ಬಂದ ಬೈಗುಳ. ‘ರ್’ ಬಿದ್ದು ‘ಅ’ ಉಳಿದರೆ, ಕಪ್ಪು ಜನ ತಮ್ಮತಮ್ಮೊಳಗೆ ಗೆಳೆಯನನ್ನು ಕರೆಯುವ ಸಲುಗೆಯ ಮಾತೂ ಆಗಬಹುದು. ಹೊರಗಿನವರ ಬಾಯಲ್ಲಿ ಎರಡೂ ಬೈಗುಳವೇ. ಎರಡಕ್ಕೂ ‘ನೀಗ್ರೊ’ ಎಂದು ಹಾಕಿದರೆ ಅರ್ಥ ಕೆಡುತ್ತದೆ. ಅದು ಮಾರ್ಟಿನ್ ಲೂಥರ್ ಕಿಂಗ್ ಗೌರವದಿಂದಲೇ ಬಳಸಿದ, ಈಗ ಹಳತಾದ ಬೇರೆ ಪದ. ಸಲುಗೆಗೆ ‘ಲೋ’, ‘ಮಗಾ’ ಸಾಕು. ಬೈಗುಳವನ್ನು ದಯವಿಟ್ಟು ‘ಎನ್ ಪದ’ ಎಂದೇ ಬರೆಯಿರಿ.

ಈ ಸಲುಗೆಯೂ ಆ ಸಮುದಾಯದಲ್ಲಿ ಎಲ್ಲರಿಗೂ ಒಪ್ಪಿತವಲ್ಲ. 2007ರ ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ಎನ್‌ಎಎಸಿಪಿ ಎಂಬ ಕಪ್ಪು ಜನರ ಹಕ್ಕುಗಳ ಸಂಘಟನೆ ಕುದುರೆಗಾಡಿಯಲ್ಲಿ ಶವಪೆಟ್ಟಿಗೆ ಇಟ್ಟು, ಮೆರವಣಿಗೆ ಮಾಡಿ, ಈ ಪದಕ್ಕೆ ಅಂತ್ಯಸಂಸ್ಕಾರ ನಡೆಸಿತ್ತು.

– ಒಬ್ಬ ಅನುವಾದಕ, ಮೈಸೂರು